ರಿಲೀಸ್ ರೆಪೊಗೆ ನೇರ ಪುಶ್ ನಿಲ್ಲಿಸಬೇಕು. ಸ್ಟೇಜಿಂಗ್ ರೆಪೊ ಹೇಗೆ ಹಾಕುವುದು?

ರಾಜಾಜಿನಗರ_ಬಿಲ್ಲಿಂಗ್:

ಎಲ್ಲರಿಗೂ ನಮಸ್ಕಾರ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡ ನಮ್ಮದು. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳು, ಮೆಡಿಕಲ್ ಸ್ಟೋರ್‌ಗಳು, ಒಂದಷ್ಟು ಹಾರ್ಡ್‌ವೇರ್ ಅಂಗಡಿಗಳು ನಮ್ಮ ಗಿರಾಕಿಗಳು. ಪ್ರೋಗ್ರಾಂ ಜಾವಾದಲ್ಲಿದೆ. ಆಫೀಸಿನ ಸರ್ವರ್‌ನಲ್ಲಿ ನೆಕ್ಸಸ್ 3 ಇದೆ, ಉಚಿತ ಆವೃತ್ತಿ. ಬಿಲ್ಡ್ ಆದ ಫೈಲುಗಳನ್ನು ರೆಪೊಗಳಲ್ಲಿ, ಅಂದರೆ ಭಂಡಾರಗಳಲ್ಲಿ, ಇಡುವ ಸಾಫ್ಟ್‌ವೇರ್ ಅದು. ಜೆಂಕಿನ್ಸ್ ಎಂಬ ಸಾಧನ ಕೋಡನ್ನು ಬಿಲ್ಡ್ ಮಾಡುತ್ತದೆ (ಓಡುವ ಫೈಲಾಗಿ ಕಟ್ಟುತ್ತದೆ), ಟೆಸ್ಟ್ ಪಾಸಾದರೆ ನೇರವಾಗಿ ರಿಲೀಸ್ ರೆಪೊಗೆ ಹಾಕುತ್ತದೆ. ಅಂಗಡಿಯ ಕಂಪ್ಯೂಟರ್‌ನಲ್ಲಿರುವ ಅಪ್‌ಡೇಟರ್ ರಾತ್ರಿ ಹೊತ್ತು ಅಲ್ಲಿಂದ ಹೊಸದನ್ನು ಎಳೆದುಕೊಳ್ಳುತ್ತದೆ. ಮಧ್ಯೆ ತಡೆದು ನೋಡುವ ಹಂತ ಒಂದೂ ಇಲ್ಲ.

ಇದರ ಬಿಸಿ ತಟ್ಟಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಜಿಎಸ್‌ಟಿ ದರ ಬದಲಾವಣೆ ನಿಮಗೆಲ್ಲ ನೆನಪಿದೆ ಅಲ್ವಾ? 3ನೇ ತಾರೀಕು ಕೌನ್ಸಿಲ್ ತೀರ್ಮಾನ, 22ರಿಂದ ಜಾರಿ. ಅದೇ ದಿನ ನವರಾತ್ರಿ ಶುರು. ಚಿಕ್ಕಪೇಟೆಯಲ್ಲಿ ಕಾಲಿಡಲು ಜಾಗ ಇಲ್ಲ. ರೆಡಿಮೇಡ್ ಬಟ್ಟೆಗೆ 2,500 ರೂಪಾಯಿವರೆಗೆ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಮೊದಲಿದ್ದ ಗಡಿ 1,000 ರೂಪಾಯಿ. ಔಷಧಿಗಳಲ್ಲಿ ಬಹುಪಾಲು ಶೇ 12ರಿಂದ 5ಕ್ಕೆ ಬಂದವು. ಆ ಅವಸರದಲ್ಲಿ ಒಂದೇ ವರ್ಷನ್ ನಂಬರಿನ ಬಿಲ್ಡ್ ರೆಪೊಗೆ ಎರಡು ಸಲ ಹೋಯಿತು, ನೆಕ್ಸಸ್ ತಡೆಯಲಿಲ್ಲ. ಕೆಲವು ಅಂಗಡಿಗಳಿಗೆ ಮೊದಲನೆಯದು ಹೋಯಿತು, ಕೆಲವಕ್ಕೆ ಎರಡನೆಯದು. ಫೋನ್ ಮಾಡಿ ಯಾವ ವರ್ಷನ್ ಎಂದು ಕೇಳಿದರೆ ಎಲ್ಲರೂ ಒಂದೇ ನಂಬರ್ ಓದುತ್ತಾರೆ. ಬಿಲ್ ಮಾತ್ರ ಬೇರೆ ಬೇರೆ.

ಇನ್ನು ಹೀಗೆ ನಡೆಯಬಾರದು. ರಿಲೀಸ್‌ಗೆ ಮೊದಲು ಒಂದು ಸ್ಟೇಜಿಂಗ್ ರೆಪೊ, ಅಂದರೆ ಪರೀಕ್ಷೆ ಮುಗಿಯುವವರೆಗೆ ಬಿಲ್ಡ್ ಕಾಯುವ ಜಾಗ, ಇಡಬೇಕು ಎಂದುಕೊಂಡಿದ್ದೇವೆ. ನೆಕ್ಸಸ್‌ನಲ್ಲಿ ಸ್ಟೇಜಿಂಗ್ ಸೌಲಭ್ಯ ಇರುವುದು ಪ್ರೊ ಆವೃತ್ತಿಯಲ್ಲಿ, ಅದಕ್ಕೆ ದುಡ್ಡಿಲ್ಲ. ಇರುವುದರಲ್ಲೇ ಸರಿಯಾಗಿ ಹೇಗೆ ಮಾಡುವುದು? ಮಾಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ವೈಟ್‌ಫೀಲ್ಡ್_ಜಾವಾ:

ಪ್ರೊ ಇಲ್ಲದೆಯೂ ಆಗುತ್ತದೆ ಸರ್. ನಾನು ಎರಡು ತಂಡಗಳಿಗೆ ಹೀಗೇ ಹಾಕಿಕೊಟ್ಟಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಲಿ, ಉಳಿದದ್ದೆಲ್ಲ ಅದರಿಂದ ತಾನಾಗಿ ಬರುತ್ತದೆ. ಟೆಸ್ಟ್ ಮಾಡಿದ ಫೈಲ್ ಮತ್ತು ಅಂಗಡಿಗೆ ಹೋಗುವ ಫೈಲ್ ಒಂದೇ ಆಗಿರಬೇಕು. ಅದೇ ಸೋರ್ಸ್‌ನಿಂದ ಮತ್ತೆ ಬಿಲ್ಡ್ ಮಾಡಿದ್ದು ಸಾಲದು, ಬೈಟ್ ಬೈಟ್ ಅದೇ ಫೈಲ್ ಬೇಕು. ಎಷ್ಟೋ ತಂಡಗಳು ಸ್ಟೇಜಿಂಗ್ ಹೆಸರಿನಲ್ಲಿ ಒಂದು ಬಿಲ್ಡ್ ಮಾಡಿ ಪರೀಕ್ಷೆ ಮಾಡುತ್ತವೆ. ಎಲ್ಲ ಸರಿ ಎಂದ ಮೇಲೆ ಕೋಡ್ ಇತಿಹಾಸ ಇಡುವ ಗಿಟ್‌ನಲ್ಲಿ ಟ್ಯಾಗ್ ಹಾಕಿ ಇನ್ನೊಂದು ಸಲ ಬಿಲ್ಡ್ ಮಾಡಿ ಅದನ್ನು ರಿಲೀಸ್‌ಗೆ ಹಾಕುತ್ತವೆ. ಆ ಎರಡು ಬಿಲ್ಡ್‌ಗಳ ನಡುವೆ ಜೆಂಕಿನ್ಸ್ ಯಂತ್ರದ ಜೆಡಿಕೆ (ಜಾವಾದ ಮೂಲ ಸಾಧನಗಳ ಕಟ್ಟು) ಬದಲಾಗಿರಬಹುದು. ಕೋಡ್ ಬಳಸುವ ಯಾವುದೋ ಸ್ನ್ಯಾಪ್‌ಶಾಟ್ ಡಿಪೆಂಡೆನ್ಸಿ, ಅಂದರೆ ಇನ್ನೂ ಬದಲಾಗುತ್ತಿರುವ ಲೈಬ್ರರಿ, ಹೊಸದಾಗಿರಬಹುದು. ಆಗ ಯಾರೂ ಪರೀಕ್ಷೆ ಮಾಡದ ಫೈಲ್ ಗಿರಾಕಿಗೆ ಹೋಗುತ್ತದೆ. ಅಂಥ ಸ್ಟೇಜಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನೆಕ್ಸಸ್ ವಿಷಯ. ಹೋಸ್ಟೆಡ್ ರೆಪೊ (ನಮ್ಮದೇ ಫೈಲ್ ಇಡುವ ರೆಪೊ) ಎರಡು ಮಾಡಿ, ಒಂದು ಸ್ಟೇಜಿಂಗ್, ಇನ್ನೊಂದು ರಿಲೀಸ್. ಎರಡರ ವರ್ಷನ್ ಪಾಲಿಸಿಯೂ 'ರಿಲೀಸ್' ಆಗಿರಲಿ, ಆಗ ಸ್ನ್ಯಾಪ್‌ಶಾಟ್ ಒಳಗೆ ಬರಲ್ಲ. ಎರಡರ ಡಿಪ್ಲಾಯ್‌ಮೆಂಟ್ ಪಾಲಿಸಿಯೂ 'ಡಿಸೇಬಲ್ ರಿಡಿಪ್ಲಾಯ್' ಆಗಿರಲಿ. ನಿಮಗೆ ಆದ ತೊಂದರೆ ಈ ಒಂದು ಸೆಟ್ಟಿಂಗ್‌ನಿಂದಲೇ ನಿಲ್ಲುತ್ತಿತ್ತು. ಇರುವ ವರ್ಷನ್ ಮೇಲೆ ಮತ್ತೆ ಹಾಕಲು ಹೋದರೆ ನೆಕ್ಸಸ್ ಬೇಡ ಎನ್ನುತ್ತದೆ, ಬಿಲ್ಡ್ ಫೇಲ್ ಆಗುತ್ತದೆ. ಇವತ್ತೇ ಹಾಕಿ, ಉಳಿದದ್ದು ನಿಧಾನವಾಗಿ ಮಾಡಿದರೂ ನಡೆಯುತ್ತದೆ.

ಆಮೇಲೆ ಜೆಂಕಿನ್ಸ್‌ನ ಬಿಲ್ಡ್ ಜಾಬ್‌ಗೆ ಸ್ಟೇಜಿಂಗ್‌ಗೆ ಮಾತ್ರ ಬರೆಯುವ ಅನುಮತಿ ಕೊಡಿ. ರಿಲೀಸ್‌ಗೆ ಬರೆಯುವ ಯೂಸರ್ ಬೇರೆಯೇ ಇರಲಿ, ಅದರ ಪಾಸ್‌ವರ್ಡ್ ಪ್ರಮೋಟ್ ಮಾಡುವ, ಅಂದರೆ ಪಾಸಾದ ಫೈಲನ್ನು ಸ್ಟೇಜಿಂಗ್‌ನಿಂದ ರಿಲೀಸ್‌ಗೆ ದಾಟಿಸುವ, ಜಾಬ್‌ಗೆ ಮಾತ್ರ ಗೊತ್ತಿರಲಿ. ಆ ಯೂಸರ್‌ಗೂ ಅಳಿಸುವ ಅನುಮತಿ ಬೇಡ.

ಪ್ರಮೋಟ್ ಜಾಬ್‌ನ ಕೆಲಸ ಸರಳ. ಬಿಲ್ಡ್ ಆದ ಕೂಡಲೇ ಜೆಂಕಿನ್ಸ್ ಜಾರ್ (ಪ್ರೋಗ್ರಾಂ ಫೈಲ್) ಮತ್ತು ಪೋಮ್ (ಅದರ ವಿವರಗಳ ಫೈಲ್) ಎರಡರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆದಿಟ್ಟುಕೊಳ್ಳಲಿ. ಪ್ರಮೋಟ್ ಜಾಬ್ ಸ್ಟೇಜಿಂಗ್‌ನಿಂದ ಆ ಫೈಲುಗಳನ್ನು ಇಳಿಸಿಕೊಂಡು ಹ್ಯಾಶ್ ಹೋಲಿಸಲಿ. ಸರಿಯಿದ್ದರೆ ಜಾವಾ ಬಿಲ್ಡ್ ಸಾಧನವಾದ ಮೇವನ್‌ನ 'ಡಿಪ್ಲಾಯ್ ಫೈಲ್' ಗೋಲ್ ಬಳಸಿ ರಿಲೀಸ್‌ಗೆ ಹಾಕಲಿ. ಅದು ಏನನ್ನೂ ಮರಳಿ ಬಿಲ್ಡ್ ಮಾಡಲ್ಲ, ಕೊಟ್ಟ ಫೈಲನ್ನು ಹಾಗೇ ಹಾಕುತ್ತದೆ. ಪೋಮ್ ಫೈಲನ್ನೂ ಕೈಯಾರೆ ಕೊಡಿ, ಇಲ್ಲದಿದ್ದರೆ ಕೆಲವೊಮ್ಮೆ ಅದು ತನ್ನದೇ ಒಂದು ಪೋಮ್ ಬರೆದು ಹಾಕಿಬಿಡುತ್ತದೆ. ಆಗ ಡಿಪೆಂಡೆನ್ಸಿಗಳ ಪಟ್ಟಿಯೇ ಇರಲ್ಲ. ಹಾಕಿದ ಮೇಲೆ ರಿಲೀಸ್‌ನಿಂದ ಮತ್ತೆ ಇಳಿಸಿ ಹ್ಯಾಶ್ ಇನ್ನೊಮ್ಮೆ ನೋಡಿ.

ಇನ್ನೊಂದು ಮಾತು. ಹಲವು ರೆಪೊಗಳನ್ನು ಒಂದೇ ವಿಳಾಸದಲ್ಲಿ ತೋರಿಸುವ ಗ್ರೂಪ್ ರೆಪೊ ಕಡೆ ಗಮನ ಇರಲಿ. ನಿಮ್ಮ ಅಪ್‌ಡೇಟರ್ ಗ್ರೂಪ್ ರೆಪೊ ವಿಳಾಸಕ್ಕೆ ಹೋಗುತ್ತಿದ್ದರೆ, ಆ ಗ್ರೂಪ್‌ನಲ್ಲಿ ಸ್ಟೇಜಿಂಗ್ ಸೇರಿರಬಾರದು. ಯಾರೋ ಅನುಕೂಲಕ್ಕೆಂದು ಸೇರಿಸಿದರೆ ಮುಗಿಯಿತು, ಪರೀಕ್ಷೆಗೆ ಮೊದಲೇ ಅಂಗಡಿಗೆ ಹೋಗುತ್ತದೆ. ಕ್ಯೂಎಗೆ, ಅಂದರೆ ಪರೀಕ್ಷೆ ಮಾಡುವವರಿಗೆ, ಬೇರೆ ಗ್ರೂಪ್ ಮಾಡಿ, ಅದರಲ್ಲಿ ಎರಡೂ ಇರಲಿ.

ಹೊಸಬಳು_ಎಚ್‌ಎಸ್‌ಆರ್:

ಒಂದು ಸಣ್ಣ ಪ್ರಶ್ನೆ. ನಮ್ಮಲ್ಲಿ ಸ್ಟೇಜಿಂಗ್ ಸರ್ವರ್ ಇದೆ, ಪ್ರೊಡಕ್ಷನ್‌ನ (ಗಿರಾಕಿಗಳು ಬಳಸುವ ಸರ್ವರ್‌ನ) ಹಾಗೇ ಇರುವ ಇನ್ನೊಂದು ಸರ್ವರ್. ಅದೇ ಸಾಲದಾ? ರೆಪೊ ಬೇರೆ ಯಾಕೆ?

ವೈಟ್‌ಫೀಲ್ಡ್_ಜಾವಾ:

ಸರ್ವರ್ ಅಂದರೆ ಪ್ರೋಗ್ರಾಂ ಓಡುವ ಜಾಗ. ರೆಪೊ ಅಂದರೆ ಫೈಲ್ ಕಾಯುವ ಜಾಗ. ಸ್ಟೇಜಿಂಗ್ ಸರ್ವರ್‌ನಲ್ಲಿ ನೀವು ಓಡಿಸಿ ನೋಡಿದ ಫೈಲೇ ಪ್ರೊಡಕ್ಷನ್‌ಗೆ ಹೋಯಿತು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ, ಅದು ರೆಪೊದಲ್ಲಿರುತ್ತದೆ. ಎರಡೂ ಬೇಕು ಮೇಡಂ. ಒಂದು ಎಚ್ಚರಿಕೆ. ಡೇಟಾಬೇಸ್ ವಿಳಾಸ, ಸರ್ವರ್ ಹೆಸರು ಇವೆಲ್ಲ ಜಾರ್ ಒಳಗೆ ಸೇರಿಕೊಂಡಿದ್ದರೆ ಸ್ಟೇಜಿಂಗ್‌ಗೆ ಒಂದು, ಪ್ರೊಡಕ್ಷನ್‌ಗೆ ಒಂದು ಬಿಲ್ಡ್ ಮಾಡಲೇಬೇಕಾಗುತ್ತದೆ. ಅದನ್ನೆಲ್ಲ ಹೊರಗಿನ ಕಾನ್ಫಿಗ್ ಫೈಲ್‌ಗೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೋ ತೆಗೆದುಹಾಕಿ. ಅದಾಗದೆ ಪ್ರಮೋಟ್ ಮಾಡುವ ಮಾತೇ ಇಲ್ಲ.

ಬಸವನಗುಡಿ_ಕ್ಯೂಎ:

ಪರೀಕ್ಷೆ ಮಾಡುವವಳ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ದಿನಗಟ್ಟಲೆ ತಲೆ ಕೆಡಿಸುವುದು ಇದೇ.

ರಿಲೀಸ್ ವರ್ಷನ್ ಒಂದನ್ನು ಮೇವನ್ ಒಮ್ಮೆ ಇಳಿಸಿಕೊಂಡರೆ ಮತ್ತೆ ಸರ್ವರ್ ಕಡೆ ತಿರುಗಿ ನೋಡಲ್ಲ. ನಮ್ಮ ಯಂತ್ರದ ಲೋಕಲ್ ಕ್ಯಾಶೆಯಲ್ಲಿ ಇರುವುದನ್ನೇ ಬಳಸುತ್ತದೆ. ಸ್ನ್ಯಾಪ್‌ಶಾಟ್‌ಗೆ ಮಾತ್ರ ಹೊಸದಿದೆಯಾ ಎಂದು ಕೇಳುತ್ತದೆ. ಈಗ ಸ್ಟೇಜಿಂಗ್‌ಗೆ 5.3.0 ಬಂತು ಎಂದುಕೊಳ್ಳಿ. ನಾನು ಇಳಿಸಿಕೊಂಡು ನೋಡಿದೆ, ತಪ್ಪು ಸಿಕ್ಕಿತು. ಡೆವಲಪರ್ ಆ 5.3.0 ಅನ್ನು ಅಳಿಸಿ, ಸರಿಪಡಿಸಿ, ಅದೇ 5.3.0 ಹೆಸರಿನಲ್ಲಿ ಮತ್ತೆ ಹಾಕಿದರು. ನನ್ನ ಯಂತ್ರದಲ್ಲಿ ಹಳೆಯದೇ ಕೂತಿದೆ. ನಾನು ಮತ್ತೆ ಓಡಿಸುತ್ತೇನೆ, ತಪ್ಪು ಹಾಗೇ ಇದೆ ಎನ್ನುತ್ತೇನೆ. ಅವರು ಸರಿ ಮಾಡಿದ್ದೇನೆ ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜ. ಇನ್ನೂ ಕೆಟ್ಟದ್ದು ಇದರ ಉಲ್ಟಾ. ಹಳೆಯ ಫೈಲ್ ಚೆನ್ನಾಗಿದ್ದು ಹೊಸದು ಹಾಳಾಗಿದ್ದರೆ ನಾನು ಪಾಸ್ ಎಂದು ಬರೆದುಬಿಡುತ್ತೇನೆ.

ಅದಕ್ಕೆ ನಾವು ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಅಂದರೆ ರಿಲೀಸ್‌ಗೆ ಉಮೇದುವಾರ) ನಂಬರ್ ಹಾಕುತ್ತೇವೆ. 5.3.0-ಆರ್‌ಸಿ1, ಆರ್‌ಸಿ2 ಹೀಗೆ. ಯಾವುದನ್ನು ನೋಡಿದೆವು ಎನ್ನುವುದರಲ್ಲಿ ಗೊಂದಲ ಇರಲ್ಲ. ಎಲ್ಲರೂ ಹೀಗೇ ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ.

ವೈಟ್‌ಫೀಲ್ಡ್_ಜಾವಾ:

ಕ್ಯಾಶೆ ವಿಷಯ ನೂರಕ್ಕೆ ನೂರು ಸರಿ. ಆರ್‌ಸಿ ವಿಷಯ ಒಪ್ಪಲ್ಲ ಮೇಡಂ. ವರ್ಷನ್ ನಂಬರ್ ಪೋಮ್ ಒಳಗೆ ಇರುತ್ತದೆ, ಮ್ಯಾನಿಫೆಸ್ಟ್ ಒಳಗೆ ಇರುತ್ತದೆ, ಬಿಲ್ಲಿನ ಕೆಳಗೆ ಸಣ್ಣದಾಗಿ ಪ್ರಿಂಟ್ ಕೂಡ ಆಗುತ್ತಿರಬಹುದು. ಆರ್‌ಸಿ2 ಪಾಸಾದ ಮೇಲೆ ಅದನ್ನು 5.3.0 ಮಾಡಬೇಕೆಂದರೆ ಮತ್ತೆ ಬಿಲ್ಡ್ ಮಾಡಲೇಬೇಕು. ನಾನು ಮೊದಲು ಹೇಳಿದ್ದು ಅಲ್ಲಿಗೆ ಮುರಿಯಿತು.

ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆಯ ಪ್ರಾಜೆಕ್ಟ್‌ಗಳು ಏನು ಮಾಡುತ್ತವೆ ನೋಡಿ. ಸ್ಟೇಜಿಂಗ್ ರೆಪೊಗೆ ಹಾಕುವಾಗಲೇ ಕೊನೆಯ ನಂಬರ್ ಇರುತ್ತದೆ. ಆರ್‌ಸಿ ಎನ್ನುವುದು ಗಿಟ್ ಟ್ಯಾಗ್‌ನಲ್ಲೋ ಫೋಲ್ಡರ್ ಹೆಸರಿನಲ್ಲೋ ಮಾತ್ರ. ಆಮೇಲೆ ವೋಟ್ ನಡೆಯುತ್ತದೆ, ಸಾಮಾನ್ಯವಾಗಿ ಕಡಿಮೆ ಅಂದರೆ 72 ಗಂಟೆ. ಮತ ಲೆಕ್ಕಕ್ಕೆ ಬರುವ ಸದಸ್ಯರಲ್ಲಿ ಕನಿಷ್ಠ ಮೂವರು ಪ್ಲಸ್ ಒನ್ ಹೇಳಬೇಕು, ವಿರೋಧಕ್ಕಿಂತ ಒಪ್ಪಿಗೆ ಜಾಸ್ತಿ ಇರಬೇಕು. ಗೆದ್ದರೆ ಅದೇ ಫೈಲ್ ರಿಲೀಸ್ ಆಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಕೂತ, ಒಬ್ಬರನ್ನೊಬ್ಬರು ಕಾಣದ ಜನ ಇಷ್ಟು ಶಿಸ್ತಾಗಿ ಮಾಡುತ್ತಾರೆ.

ಬಸವನಗುಡಿ_ಕ್ಯೂಎ:

ಆದರೆ ಅಲ್ಲಿ ಆರ್‌ಸಿ1 ಬಿದ್ದುಹೋಗಿ ಅದೇ ನಂಬರಿನಲ್ಲಿ ಆರ್‌ಸಿ2 ಬಂದರೆ ನಾನು ಹೇಳಿದ ಕ್ಯಾಶೆ ತೊಂದರೆ ಹಾಗೇ ಇರುತ್ತದೆ ಅಲ್ವಾ? ಅಲ್ಲಿನ ವೋಟ್ ಹಾಕುವವರು ಹ್ಯಾಶ್ ಮತ್ತು ಜಿಪಿಜಿ ಡಿಜಿಟಲ್ ಸಹಿ ನೋಡಿ ವೋಟ್ ಹಾಕುತ್ತಾರೆ, ಅವರಿಗೆ ನಡೆಯುತ್ತದೆ. ನಮ್ಮಲ್ಲಿ ಬೆಳಗ್ಗೆ ಬಂದು ಸಂಜೆಯೊಳಗೆ ನೋಡಿ ಹೇಳಿ ಎನ್ನುತ್ತಾರೆ. ಹ್ಯಾಶ್ ನೋಡುವ ಅಭ್ಯಾಸ ಯಾರಿಗಿದೆ?

ವೈಟ್‌ಫೀಲ್ಡ್_ಜಾವಾ:

ಸರಿ, ಇಬ್ಬರದೂ ಉಳಿಯುವ ದಾರಿ ಇದೆ. ಬಿದ್ದುಹೋದ ನಂಬರನ್ನು ಮತ್ತೆ ಬಳಸಲೇಬೇಡಿ. 5.3.0 ಸ್ಟೇಜಿಂಗ್‌ನಲ್ಲಿ ಫೇಲ್ ಆಯಿತಾ, ಮುಂದಿನದು 5.3.1. ಅದೂ ಫೇಲ್ ಆದರೆ 5.3.2. ಗಿರಾಕಿಗೆ 5.2.4 ಆದ ಮೇಲೆ ನೇರ 5.3.2 ಬಂದರೆ ಯಾರಿಗೆ ಏನು ನಷ್ಟ? ನಂಬರಿಗೆ ದುಡ್ಡು ಕೊಡಬೇಕಾಗಿಲ್ಲ. ಸ್ಟೇಜಿಂಗ್‌ನಲ್ಲೂ ರಿಡಿಪ್ಲಾಯ್ ನಿಲ್ಲಿಸಿ ಎಂದಿದ್ದು ಇದಕ್ಕೇ.

ಬಸವನಗುಡಿ_ಕ್ಯೂಎ:

ಇದನ್ನು ಒಪ್ಪುತ್ತೇನೆ. ನಂಬರ್ ಬಿಟ್ಟುಹೋದರೆ ಮಾರ್ಕೆಟಿಂಗ್‌ನವರು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡುವುದು ಸುಲಭ. ಜೊತೆಗೆ ಪ್ರೋಗ್ರಾಂನ ಅಬೌಟ್ ಪರದೆಯಲ್ಲಿ ಗಿಟ್ ಕಮಿಟ್ ಐಡಿ (ಯಾವ ಕೋಡ್‌ನಿಂದ ಬಿಲ್ಡ್ ಆಯಿತು ಎಂಬ ಗುರುತು) ಕಾಣುವ ಹಾಗೆ ಮಾಡಿ. ಅಂಗಡಿಯವರು ಫೋನಿನಲ್ಲಿ ಮೊದಲ ಏಳು ಅಕ್ಷರ ಓದಿದರೆ ಸಾಕು, ಯಾವ ಫೈಲ್ ಎಂದು ಗೊತ್ತಾಗುತ್ತದೆ.

ಪೀಣ್ಯ_ಲಿನಕ್ಸ್:

ನಮ್ಮದು ಜಾವಾ ಅಲ್ಲ, ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್‌ಗಳು. ಫ್ಯಾಕ್ಟರಿಗಳಲ್ಲಿ ಯಂತ್ರದ ಪಕ್ಕ ಕೂರುವ ಸಣ್ಣ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಕಳಿಸುತ್ತೇವೆ. ಇದೇ ತರ್ಕವನ್ನು ಆಪ್ಟ್ಲಿ ಎಂಬ ರೆಪೊ ಸಾಧನ ಬಳಸಿ ಮಾಡಿದ್ದೇವೆ. ಡೆಬ್ ಫೈಲುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು.

ಆಪ್ಟ್ಲಿಯಲ್ಲಿ ರೆಪೊದ ಸ್ನ್ಯಾಪ್‌ಶಾಟ್ ತೆಗೆಯಬಹುದು. ಮೇವನ್‌ನ ಸ್ನ್ಯಾಪ್‌ಶಾಟ್ ಬದಲಾಗುತ್ತಾ ಇರುತ್ತದೆ, ಇದು ಹಾಗಲ್ಲ. ಆ ಕ್ಷಣದಲ್ಲಿ ಯಾವ ಯಾವ ಪ್ಯಾಕೇಜ್, ಯಾವ ವರ್ಷನ್ ಇತ್ತೋ ಅದು ಹಾಗೇ ನಿಲ್ಲುತ್ತದೆ. ಆ ಸ್ನ್ಯಾಪ್‌ಶಾಟನ್ನು ಸ್ಟೇಜಿಂಗ್ ವಿಳಾಸದಲ್ಲಿ ಪಬ್ಲಿಶ್ ಮಾಡುತ್ತೇವೆ. ಆಫೀಸಿನ ಯಂತ್ರಗಳು ಅಲ್ಲಿಂದ ತೆಗೆದುಕೊಳ್ಳುತ್ತವೆ. ಸರಿಯಿದ್ದರೆ 'ಪಬ್ಲಿಶ್ ಸ್ವಿಚ್' ಕಮಾಂಡ್ ಕೊಟ್ಟು ಅದೇ ಸ್ನ್ಯಾಪ್‌ಶಾಟನ್ನು ಪ್ರೊಡಕ್ಷನ್ ವಿಳಾಸಕ್ಕೆ ತಿರುಗಿಸುತ್ತೇವೆ. ಎಲ್ಲ ಪ್ಯಾಕೇಜ್‌ಗಳೂ ಒಟ್ಟಿಗೆ ಬದಲಾಗುತ್ತವೆ. ಒಂದು ಹೊಸದು ಇನ್ನೊಂದು ಹಳೆಯದು ಎನ್ನುವ ಸ್ಥಿತಿ ಬರಲ್ಲ.

ಹಿಂದೆ ಹೋಗುವುದೂ ಸುಲಭ, ಹಳೆಯ ಸ್ನ್ಯಾಪ್‌ಶಾಟ್‌ಗೆ ಸ್ವಿಚ್ ಮಾಡಿದರೆ ಆಯಿತು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅರ್ಧ ನಿಜ. ರೆಪೊ ಹಿಂದೆ ಹೋಗುತ್ತದೆ, ಆಗಲೇ ಹೊಸದನ್ನು ಹಾಕಿಕೊಂಡ ಯಂತ್ರ ಹಿಂದೆ ಹೋಗಲ್ಲ. ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡುವ ಸಾಧನ ಆಪ್ಟ್, ಅದು ತಾನಾಗಿ ಡೌನ್‌ಗ್ರೇಡ್ ಮಾಡುವುದಿಲ್ಲ. ಮಾಡಿಸಬೇಕೆಂದರೆ ಪಿನ್ ಪ್ರಯಾರಿಟಿ (ಯಾವ ವರ್ಷನ್‌ಗೆ ಆದ್ಯತೆ ಎನ್ನುವ ಅಂಕಿ) 1001 ಕೊಡಬೇಕು, ಅದೂ ಪ್ರತಿ ಯಂತ್ರದಲ್ಲಿ. ಅದರ ಬದಲು ಹಳೆಯ ಕೋಡನ್ನೇ ಹೊಸ ದೊಡ್ಡ ನಂಬರಿನಲ್ಲಿ ಕಳಿಸುವುದು ವಾಸಿ. ನಿಮ್ಮ ಅಪ್‌ಡೇಟರ್ ಡೌನ್‌ಗ್ರೇಡ್ ಮಾಡುತ್ತದಾ ಸರ್? ಮೊದಲು ಅದನ್ನು ನೋಡಿಕೊಳ್ಳಿ.

ಮಲ್ಲೇಶ್ವರಂ_ಎಸ್‌ಆರ್‌ಇ:

ಪೀಣ್ಯದವರು ಹೇಳಿದ್ದನ್ನು ಇನ್ನೂ ಜೋರಾಗಿ ಹೇಳಬೇಕು. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಹೊರಬಿಟ್ಟ ಒಂದು ಫೈಲ್ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.39ಕ್ಕೆ ಹೋಯಿತು. 10.57ಕ್ಕೆ ವಾಪಸ್ ತೆಗೆದರು. ಬರೀ 78 ನಿಮಿಷ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಇಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಸಾಲು ಬೆಳೆಯಿತು. ಫೈಲನ್ನು ತೆಗೆದರೂ ಬಿದ್ದ ಯಂತ್ರ ಏಳಲಿಲ್ಲ. ಎಷ್ಟೋ ಕಡೆ ಜನ ಒಂದೊಂದು ಯಂತ್ರದ ಮುಂದೆ ಕೂತು ಸರಿಮಾಡಬೇಕಾಯಿತು.

ಇದರಲ್ಲಿ ನಿಮಗೆ ಮುಖ್ಯವಾದದ್ದು ಇನ್ನೊಂದಿದೆ. ಅದು ಪ್ರೋಗ್ರಾಂನ ಹೊಸ ಆವೃತ್ತಿ ಆಗಿರಲಿಲ್ಲ. ದಾಳಿ ಗುರುತಿಸುವ ವಿವರಗಳ ಫೈಲ್, ಅಂದರೆ ಡೇಟಾ. ಪ್ರೋಗ್ರಾಂ ಬದಲಾದರೆ ಗಿರಾಕಿಗಳು ಒಂದೆರಡು ಆವೃತ್ತಿ ಹಿಂದೆ ನಿಲ್ಲಬಹುದಿತ್ತು, ಡೇಟಾ ಫೈಲ್ ಮಾತ್ರ ಎಲ್ಲರಿಗೂ ಒಟ್ಟಿಗೆ ಹೋಗುತ್ತಿತ್ತು. ಆಮೇಲೆ ಅದನ್ನೂ ಹಂತಹಂತವಾಗಿ ಬಿಡುತ್ತೇವೆ ಎಂದರು.

ನಿಮ್ಮಲ್ಲಿ ಜಿಎಸ್‌ಟಿ ದರಗಳು ಎಲ್ಲಿವೆ? ಕೋಡ್ ಒಳಗಾ, ಬೇರೆ ಟೇಬಲ್ ಫೈಲಾ?

ರಾಜಾಜಿನಗರ_ಬಿಲ್ಲಿಂಗ್:

ಎಲ್ಲರಿಗೂ ಧನ್ಯವಾದ. ರಿಡಿಪ್ಲಾಯ್ ನಿಲ್ಲಿಸುವ ಸೆಟ್ಟಿಂಗ್ ಆಗಲೇ ಹಾಕಿದೆವು. ಅಪ್‌ಡೇಟರ್ ಡೌನ್‌ಗ್ರೇಡ್ ಮಾಡಲ್ಲ. ದೊಡ್ಡ ನಂಬರ್ ಇದ್ದರೆ ಮಾತ್ರ ತೆಗೆದುಕೊಳ್ಳುತ್ತದೆ. ಹಾಗಾಗಿ ಹಳೆಯ ಕೋಡನ್ನು ಹೊಸ ನಂಬರಿನಲ್ಲಿ ಕಳಿಸುವುದೇ ನಮ್ಮ ದಾರಿ.

ದರಗಳು ಕೋಡ್ ಒಳಗಿದ್ದವು. ಸೆಪ್ಟೆಂಬರ್ ಆದ ಮೇಲೆ ಬೇರೆ ಫೈಲ್‌ಗೆ ತೆಗೆದೆವು. ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ), ದರ, ಯಾವ ತಾರೀಕಿನಿಂದ ಜಾರಿ, ಇಷ್ಟು. ಇನ್ನು ಮುಂದೆ ದರ ಬದಲಾದರೆ ಪ್ರೋಗ್ರಾಂ ಮುಟ್ಟುವ ಅಗತ್ಯವಿಲ್ಲ, ಫೈಲ್ ಕಳಿಸಿದರೆ ಸಾಕು ಎಂದುಕೊಂಡಿದ್ದೆವು. ಆ ಫೈಲ್ ಸರ್ವರ್‌ನಿಂದ ನೇರ ಹೋಗುತ್ತದೆ, ರೆಪೊ ದಾಟುವುದಿಲ್ಲ.

ಮಲ್ಲೇಶ್ವರಂ_ಎಸ್‌ಆರ್‌ಇ:

ಅದನ್ನೇ ಬದಲಾಯಿಸಿ ಸರ್. ಆ ಫೈಲಿನಲ್ಲಿ ಒಂದು ಸಾಲು ತಪ್ಪಿದರೆ ಎಲ್ಲ ಅಂಗಡಿಯ ಬಿಲ್ಲೂ ತಪ್ಪುತ್ತದೆ. ಆಮೇಲೆ ಗಿರಾಕಿಯ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ತಪ್ಪುತ್ತದೆ, ಅದನ್ನು ತಿದ್ದುವ ಕೆಲಸ ಆಡಿಟರ್ ಮೇಲೆ ಬೀಳುತ್ತದೆ. ದರದ ಫೈಲಿಗೂ ವರ್ಷನ್ ಕೊಡಿ, ಜಿಪ್ ಮಾಡಿ ಅದೇ ಸ್ಟೇಜಿಂಗ್‌ಗೆ ಹಾಕಿ, ಅದೇ ಪ್ರಮೋಟ್ ಜಾಬ್‌ನಿಂದ ಹೊರಗೆ ಬಿಡಿ. ಮೇವನ್ ರೆಪೊದಲ್ಲಿ ಜಿಪ್ ಇಡಲು ಏನೂ ಅಡ್ಡಿಯಿಲ್ಲ.

ಜಾರಿ ತಾರೀಕು ಫೈಲಿನಲ್ಲೇ ಇರುವುದು ತುಂಬ ಒಳ್ಳೆಯದು. 22ಕ್ಕೆ ಜಾರಿ ಇದ್ದರೆ 15ಕ್ಕೇ ಕಳಿಸಿಬಿಡಬಹುದು, 21ರ ಮಧ್ಯರಾತ್ರಿ ಯಾರೂ ಎದ್ದು ಕೂರಬೇಕಾಗಿಲ್ಲ. ಮೊದಲು ನಿಮ್ಮನ್ನು ಚೆನ್ನಾಗಿ ಬಲ್ಲ ಕೆಲವೇ ಅಂಗಡಿಗಳಿಗೆ, ಎರಡು ದಿನ ನೋಡಿ ಉಳಿದವರಿಗೆ. ಆ ಕೆಲವು ಅಂಗಡಿಗಳಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಅವರು ಪರೀಕ್ಷೆಯ ವಸ್ತು ಅಲ್ಲ, ಅವರ ವ್ಯಾಪಾರ ನಡೆಯುತ್ತಿರುತ್ತದೆ.

ಬಸವನಗುಡಿ_ಕ್ಯೂಎ:

ಪರೀಕ್ಷೆಯಲ್ಲಿ ತಾರೀಕು ಮುಂದೆ ಮಾಡಿ ನೋಡಲು ಮರೆಯಬೇಡಿ. 2,499, 2,500, 2,501 ರೂಪಾಯಿಯ ಬಟ್ಟೆ, 21ನೇ ತಾರೀಕು ಮತ್ತು 22ನೇ ತಾರೀಕು ಎರಡರಲ್ಲೂ. ಹಳೆಯ ದರದಲ್ಲಿ ಮಾರಿದ ಅಂಗಿ 22ರ ನಂತರ ವಾಪಸ್ ಬಂದರೆ ಕ್ರೆಡಿಟ್ ನೋಟ್ ಯಾವ ದರದಲ್ಲಿ ಬರುತ್ತದೆ ಎನ್ನುವುದನ್ನೂ ನೋಡಿ. ಡೆವಲಪರ್‌ಗಳ ಯೂನಿಟ್ ಟೆಸ್ಟ್‌ನಲ್ಲಿ ಇದು ಸಾಮಾನ್ಯವಾಗಿ ಇರಲ್ಲ. ಹಳೆಯ ಬಿಲ್ಲು ನೋಡುವ, ಅಂಗಡಿಯಲ್ಲಿ ಕೂತು ಬಲ್ಲ ಮನುಷ್ಯರು ಕೇಳುವ ಪ್ರಶ್ನೆ ಇದು. ಸ್ಟೇಜಿಂಗ್‌ನಲ್ಲಿ ಫೈಲ್ ಕಾಯುವುದು ಇಂಥವರಿಗೋಸ್ಕರ.

ಹೊಸಬಳು_ಎಚ್‌ಎಸ್‌ಆರ್:

ಆದರೆ ಕಾಯುವುದರಿಂದ ನಿಧಾನ ಆಗುತ್ತದಲ್ಲ? ನಮ್ಮ ಮ್ಯಾನೇಜರ್ ಕೇಳುವುದು ಅದನ್ನೇ. ಟೆಸ್ಟ್ ಪಾಸಾದ ಮೇಲೆ ಸುಮ್ನೆ ಯಾಕೆ ಕಾಯಬೇಕು ಎನ್ನುತ್ತಾರೆ.

ಮಲ್ಲೇಶ್ವರಂ_ಎಸ್‌ಆರ್‌ಇ:

ಕಾಯುವುದಕ್ಕೆ ಬೆಲೆ ಇದೆ ಎನ್ನುವುದಕ್ಕೆ ಎಕ್ಸ್‌ಜೆಡ್ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ಕಂಪ್ರೆಶನ್ ಲೈಬ್ರರಿ ಅದು. 2024ರಲ್ಲಿ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಸೇರಿಸಿದ್ದರು. ಟೆಸ್ಟ್‌ಗಳು ಅದನ್ನು ಹಿಡಿಯಲಿಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಗಮನಿಸಿ, ಬೆನ್ನು ಹತ್ತಿ ಹೋಗಿ, ಮಾರ್ಚ್ 29ಕ್ಕೆ ವಿಷಯ ಹೊರಗಿಟ್ಟರು. ಆಗ ಅದು ಎಲ್ಲಿತ್ತು? ಡೆಬಿಯನ್‌ನ ಅನ್‌ಸ್ಟೇಬಲ್, ಟೆಸ್ಟಿಂಗ್ ಎಂಬ ಪರೀಕ್ಷಾ ಹಂತಗಳಲ್ಲಿ, ಫೆಡೋರಾದ ಬರಲಿರುವ ಆವೃತ್ತಿಯಲ್ಲಿ. ಡೆಬಿಯನ್ ಸ್ಟೇಬಲ್‌ಗೆ ತಲುಪಿರಲಿಲ್ಲ. ಲೆಕ್ಕವಿಲ್ಲದಷ್ಟು ಸರ್ವರ್‌ಗಳು ಉಳಿದದ್ದು ಅದರಿಂದ. ಫ್ರಾಯ್ಂಡ್ ಅವರ ಗಮನಕ್ಕೆ ಎಷ್ಟು ಮರ್ಯಾದೆ ಸಲ್ಲಬೇಕೋ, ನಡುವೆ ಇದ್ದ ಆ ಹಂತಗಳಿಗೂ ಅಷ್ಟೇ ಸಲ್ಲಬೇಕು.

ಡೆಬಿಯನ್‌ನಲ್ಲಿ ಅನ್‌ಸ್ಟೇಬಲ್‌ಗೆ ಬಂದ ಪ್ಯಾಕೇಜ್ ಟೆಸ್ಟಿಂಗ್‌ಗೆ ಹೋಗಲು ತುರ್ತು ಎಷ್ಟೆಂದು ನೋಡಿ ಸಾಮಾನ್ಯವಾಗಿ 2, 5 ಅಥವಾ 10 ದಿನ ಕಾಯುತ್ತದೆ. ಉಬುಂಟುವಿನಲ್ಲಿ ಬಿಡುಗಡೆಯಾದ ಆವೃತ್ತಿಗೆ ಬರುವ ಅಪ್‌ಡೇಟ್ 'ಪ್ರೊಪೋಸ್ಡ್' ಎಂಬ ರೆಪೊದಲ್ಲಿ ಸಾಮಾನ್ಯವಾಗಿ 7 ದಿನ ಇರುತ್ತದೆ. ನಿಮ್ಮ ಮ್ಯಾನೇಜರ್‌ಗೆ ಇವನ್ನು ತೋರಿಸಿ.

ಹೊರಗಿನಿಂದ ಬರುವ ಲೈಬ್ರರಿಗಳಿಗೂ ಇದೇ ನಿಯಮ ಹಾಕಬಹುದು. 2025ರ ಸೆಪ್ಟೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರ ಎನ್‌ಪಿಎಂನ ಚಾಕ್, ಡೀಬಗ್ ಮುಂತಾದ ಪ್ಯಾಕೇಜ್‌ಗಳಲ್ಲಿ ಕೆಟ್ಟ ಕೋಡ್ ಸೇರಿತು, ಕೆಲವೇ ಗಂಟೆಗಳಲ್ಲಿ ತೆಗೆದರು. ಆ ಗಂಟೆಗಳಲ್ಲಿ ಹೊಸದನ್ನು ಎಳೆದುಕೊಂಡವರಿಗೆ ಮಾತ್ರ ತೊಂದರೆ. ಅಲ್ಲಿಂದ ಲೈಬ್ರರಿ ಎಳೆಯುವ ಪಿಎನ್‌ಪಿಎಂ ಎಂಬ ಸಾಧನದಲ್ಲಿ 10.16ರಿಂದ 'ಮಿನಿಮಮ್ ರಿಲೀಸ್ ಏಜ್' ಎಂಬ ಸೆಟ್ಟಿಂಗ್ ಇದೆ, ನಿಮಿಷಗಳಲ್ಲಿ ಕೊಡಬೇಕು. 1440 ಎಂದರೆ ಒಂದು ದಿನ. ಅಷ್ಟು ಹಳೆಯದಾಗದ ವರ್ಷನ್ ಒಳಗೆ ಬರಲ್ಲ.

ರಾಜಾಜಿನಗರ_ಬಿಲ್ಲಿಂಗ್:

ತುರ್ತು ಇದ್ದಾಗ ಏನು ಮಾಡುವುದು? ಶನಿವಾರ ಸಂಜೆ ಏಳಕ್ಕೆ ಬಿಲ್ ಪ್ರಿಂಟ್ ಆಗುತ್ತಿಲ್ಲ ಎಂದು ಅಂಗಡಿಯವರು ಫೋನ್ ಮಾಡಿದರೆ ಎರಡು ದಿನ ಕಾಯಿರಿ ಎನ್ನಲಾಗಲ್ಲ. ಇನ್ನೊಂದು, ನಮ್ಮದು ಸಣ್ಣ ತಂಡ. ಬರೆದವರೇ ಪ್ರಮೋಟ್ ಮಾಡಬೇಕಾಗುತ್ತದೆ.

ಮಲ್ಲೇಶ್ವರಂ_ಎಸ್‌ಆರ್‌ಇ:

ಕಾಯುವ ಸಮಯ ಕಡಿಮೆ ಮಾಡಿ, ದಾರಿ ಬದಲಾಯಿಸಬೇಡಿ. ತುರ್ತಿನಲ್ಲೂ ಬಿಲ್ಡ್ ಸ್ಟೇಜಿಂಗ್‌ಗೇ ಹೋಗಲಿ, ಅಲ್ಲಿಂದಲೇ ಪ್ರಮೋಟ್ ಆಗಲಿ. ಹ್ಯಾಶ್ ನೋಡುವುದು, ಒಂದು ಸಲ ಇನ್‌ಸ್ಟಾಲ್ ಮಾಡಿ ಬಿಲ್ ಹೊಡೆದು ನೋಡುವುದು, ಇವಿಷ್ಟಕ್ಕೆ ಕಾಲು ಗಂಟೆ ಸಾಕು. ತುರ್ತಿಗೆ ಎಂದು ನೇರ ರಿಲೀಸ್‌ಗೆ ಹಾಕುವ ಇನ್ನೊಂದು ಜಾಬ್ ಇಟ್ಟುಕೊಂಡರೆ, ಮೂರು ತಿಂಗಳಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ಹೀಗೆ ಆಗಿದ್ದನ್ನು ಬೇರೆ ಬೇರೆ ಕಡೆ ನೋಡಿದ್ದೇನೆ.

ಪ್ರಮೋಟ್‌ಗೆ ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಮಾಡಿ. ಅವರು ಡೆವಲಪರ್ ಆಗಬೇಕೆಂದೇನಿಲ್ಲ. ಸಪೋರ್ಟ್ ಫೋನ್ ಎತ್ತುವವರು ಆಗಬಹುದು, ಅವರಿಗೆ ಅಂಗಡಿಗಳ ಕಷ್ಟ ಜಾಸ್ತಿ ಗೊತ್ತು. ಜೆಂಕಿನ್ಸ್‌ನಲ್ಲಿ ಪೈಪ್‌ಲೈನ್ ಮಧ್ಯೆ ನಿಂತು ಒಪ್ಪಿಗೆಗೆ ಕಾಯುವ ಇನ್‌ಪುಟ್ ಹಂತ ಇದೆ, ಯಾರು ಒತ್ತಬಹುದು ಎಂದೂ ಅದರಲ್ಲಿ ಹೇಳಬಹುದು.

ತಿಪಟೂರು_ಟು_ಬೆಂಗಳೂರು:

ನಾನು ಓಪನ್ ಸೋರ್ಸ್ ಕಡೆಯವನು. ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಒಂದು ಸಣ್ಣ ಜಾವಾ ಲೈಬ್ರರಿ ನೋಡಿಕೊಳ್ಳುತ್ತೇನೆ. ಜಾವಾ ಲೈಬ್ರರಿಗಳ ಸಾರ್ವಜನಿಕ ರೆಪೊ ಮೇವನ್ ಸೆಂಟ್ರಲ್‌ಗೆ ಹಾಕುವವರಿಗೆ ಎರಡು ಮಾತು.

ಸೆಂಟ್ರಲ್‌ಗೆ ಒಮ್ಮೆ ಹೋದದ್ದನ್ನು ಬದಲಾಯಿಸುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಹಾಗಾಗಿ ಪಬ್ಲಿಶ್ ಒತ್ತುವ ಮೊದಲಿನ ಹಂತವೇ ನಮಗೆ ಎಲ್ಲ. ಅಲ್ಲಿಗೆ ಫೈಲ್ ಕಳಿಸುವ ಹಳೆಯ ಓಎಸ್‌ಎಸ್‌ಆರ್‌ಎಚ್ ಸೇವೆ 2025ರ ಜೂನ್ 30ಕ್ಕೆ ನಿಂತಿತು. ಅಲ್ಲಿನ ಕ್ಲೋಸ್, ರಿಲೀಸ್, ಡ್ರಾಪ್ ಪದ್ಧತಿಯಲ್ಲಿದ್ದವರು ಈಗ ಸೆಂಟ್ರಲ್ ಪೋರ್ಟಲ್‌ಗೆ ಬರಬೇಕು. ಪೋರ್ಟಲ್‌ನಲ್ಲಿ ಫೈಲುಗಳ ಕಟ್ಟು ಹಾಕಿದರೆ ಅದು ಪೋಮ್‌ನಲ್ಲಿ ಲೈಸೆನ್ಸ್, ಡೆವಲಪರ್, ಸೋರ್ಸ್ ಕೋಡ್ ವಿಳಾಸ ಇದೆಯಾ, ಸೋರ್ಸ್ ಮತ್ತು ಜಾವಾಡಾಕ್ ಜಾರ್ ಇವೆಯಾ, ಸಹಿ ಸರಿಯಿದೆಯಾ ಎಂದು ನೋಡುತ್ತದೆ. ಸರಿಯಿದ್ದರೆ 'ವ್ಯಾಲಿಡೇಟೆಡ್' ಎಂದು ತೋರಿಸಿ ನಿಲ್ಲುತ್ತದೆ. ಪ್ಲಗಿನ್‌ನಲ್ಲಿ ಆಟೊ ಪಬ್ಲಿಶ್ ಆನ್ ಮಾಡಿದರೆ ನಿಲ್ಲದೆ ಹೋಗಿಬಿಡುತ್ತದೆ, ಅದನ್ನು ಆನ್ ಮಾಡಬೇಡಿ. ನಿಂತಿರುವಾಗ ಟೋಕನ್ ಕೊಟ್ಟು ಮೇವನ್‌ನಿಂದಲೇ ಎಳೆದು ಪರೀಕ್ಷೆ ಮಾಡಬಹುದು.

ಪೋರ್ಟಲ್ ನೋಡುವುದು ಹೊರಗಿನ ರೂಪ ಮಾತ್ರ. ಅರ್ಕಾವತ್ತು ಸರಿಯಾದ ಜಾಗಕ್ಕೆ ಬಂತಾ ಎಂದು ಅದಕ್ಕೆ ಗೊತ್ತಿಲ್ಲ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಅದನ್ನು ನೋಡಲು ನಿಜವಾದ ಹಳೆಯ ಕಡತಗಳು ಬೇಕು. ಪ್ರತಿ ಸಲ ಪಬ್ಲಿಶ್‌ಗೆ ಮೊದಲು ಆ ನಿಂತಿರುವ ಜಾರ್‌ನಿಂದ ಒಂದು ಕಟ್ಟು ಕಡತ ಬದಲಾಯಿಸಿ, ಕನ್ನಡ ಚೆನ್ನಾಗಿ ಓದುವ ಒಬ್ಬರಿಗೆ ಕೊಡುತ್ತೇನೆ.

ಕೋರಮಂಗಲ_ಕಂಟೇನರ್:

ಡಾಕರ್ ಇಮೇಜ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಇರುವ ಕಟ್ಟು) ಬಳಸುವವರಿಗೂ ಒಂದು ಮಾತು. ಟ್ಯಾಗ್ ನಂಬಬೇಡಿ, ಅದು ಇವತ್ತು ಒಂದು ಇಮೇಜ್‌ಗೆ, ನಾಳೆ ಇನ್ನೊಂದಕ್ಕೆ ಅಂಟಬಹುದು. ಡೈಜೆಸ್ಟ್, ಅಂದರೆ ಇಮೇಜ್‌ನ ಹ್ಯಾಶ್, ಹಿಡಿದು ಪ್ರಮೋಟ್ ಮಾಡಿ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಪ್ರಾಜೆಕ್ಟ್‌ನಲ್ಲಿ ಇದು ಚೆನ್ನಾಗಿದೆ. ಇಮೇಜ್‌ಗಳು ಮೊದಲು ಸ್ಟೇಜಿಂಗ್ ರಿಜಿಸ್ಟ್ರಿಗೆ ಹೋಗುತ್ತವೆ. ಹೊರಗೆ ಬಿಡಬೇಕೆಂದರೆ ಒಂದು ಯಾಮಲ್ ಫೈಲಿನಲ್ಲಿ ಈ ಡೈಜೆಸ್ಟ್‌ಗೆ ಈ ಟ್ಯಾಗ್ ಎಂದು ಬರೆದು ಪುಲ್ ರಿಕ್ವೆಸ್ಟ್ (ಬದಲಾವಣೆಗೆ ಒಪ್ಪಿಗೆ ಕೇಳುವ ಕೋರಿಕೆ) ಕಳಿಸಬೇಕು. ಬೇರೆಯವರು ನೋಡಿ ಒಪ್ಪಿದ ಮೇಲೆ ಪ್ರೋಗ್ರಾಂ ತಾನೇ ಅದನ್ನು ಹೊರಗಿನ ರಿಜಿಸ್ಟ್ರಿಗೆ ನಕಲು ಮಾಡುತ್ತದೆ. ಯಾರು, ಯಾವಾಗ, ಏನನ್ನು ಬಿಟ್ಟರು ಎಂಬ ದಾಖಲೆ ಗಿಟ್‌ನಲ್ಲೇ ಉಳಿಯುತ್ತದೆ. ಸಣ್ಣ ತಂಡವೂ ಈ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಬಹುದು. ಪ್ರಮೋಟ್ ಜಾಬ್ ಆ ಒಂದು ಫೈಲ್ ಓದಿದರೆ ಸಾಕು.

ರಾಜಾಜಿನಗರ_ಬಿಲ್ಲಿಂಗ್:

ಇಲ್ಲಿಯವರೆಗೆ ಮಾಡಿದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಲಿ. ಎರಡು ಹೋಸ್ಟೆಡ್ ರೆಪೊ, ಎರಡು ಗ್ರೂಪ್, ಎರಡು ಯೂಸರ್ ಆದವು. ಬಿಲ್ಡ್‌ನಲ್ಲಿ ಮೇವನ್‌ನ ಎನ್‌ಫೋರ್ಸರ್ ಪ್ಲಗಿನ್ ಹಾಕಿದೆವು, ಸ್ನ್ಯಾಪ್‌ಶಾಟ್ ಡಿಪೆಂಡೆನ್ಸಿ ಇದ್ದರೆ ಅಲ್ಲೇ ನಿಲ್ಲುತ್ತದೆ. ದರದ ಫೈಲ್ ಈಗ ಜಿಪ್ ಆಗಿ ಸ್ಟೇಜಿಂಗ್‌ಗೆ ಹೋಗುತ್ತದೆ. ಕೋರಮಂಗಲದವರು ಹೇಳಿದ ಹಾಗೆ ಪ್ರಮೋಟ್ ಮಾಡಬೇಕಾದ ವರ್ಷನ್ ಮತ್ತು ಹ್ಯಾಶ್ ಒಂದು ಫೈಲಿನಲ್ಲಿ ಬರೆದು ಪುಲ್ ರಿಕ್ವೆಸ್ಟ್ ಕಳಿಸುತ್ತೇವೆ. ಸಪೋರ್ಟ್‌ನಲ್ಲಿರುವ ಮೇಡಂ ಒಪ್ಪಿದರೆ ಮಾತ್ರ ಮುಂದೆ. ಮೊದಲ ಸಲವೇ ಅವರು ಒಂದನ್ನು ತಡೆದರು. ಎ5 ಕಾಗದದಲ್ಲಿ ಬಿಲ್ಲಿನ ಎಚ್‌ಎಸ್‌ಎನ್ ಕಾಲಂ ಕತ್ತರಿಸಿ ಹೋಗುತ್ತಿತ್ತು. ನಾವೆಲ್ಲ ಎ4ರಲ್ಲಿ ನೋಡಿದ್ದೆವು.

ಕೊನೆಯ ಪ್ರಶ್ನೆ. ಫೇಲ್ ಆದ ಬಿಲ್ಡ್‌ಗಳು ಸ್ಟೇಜಿಂಗ್‌ನಲ್ಲಿ ಸೇರುತ್ತಾ ಹೋಗುತ್ತಿವೆ, ಡಿಸ್ಕ್ ತುಂಬುತ್ತದೆ. ಯಾವಾಗ ಅಳಿಸಬಹುದು?

ವೈಟ್‌ಫೀಲ್ಡ್_ಜಾವಾ:

ನೆಕ್ಸಸ್‌ನಲ್ಲಿ ಕ್ಲೀನಪ್ ಪಾಲಿಸಿ ಇದೆ, ಅದನ್ನು ಸ್ಟೇಜಿಂಗ್‌ಗೆ ಮಾತ್ರ ಜೋಡಿಸಿ. ರಿಲೀಸ್ ರೆಪೊಗೆ ಯಾವತ್ತೂ ಬೇಡ. ಹಳೆಯ ವರ್ಷನ್ ಇಟ್ಟುಕೊಂಡ ಅಂಗಡಿಯ ತಪ್ಪು ಹುಡುಕಲು ಅದೇ ಫೈಲ್ ಬೇಕಾಗುತ್ತದೆ. ಸ್ಟೇಜಿಂಗ್‌ನಲ್ಲಿ ದಿನಗಳ ಮಿತಿ ಹಾಕುವಾಗ ನಿಮ್ಮ ಅತಿ ನಿಧಾನದ ಪರೀಕ್ಷೆಗಿಂತ ಅದು ಜಾಸ್ತಿ ಇರಲಿ, ದಸರಾ ರಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಇನ್ನೂ ನೋಡುತ್ತಿರುವ ಬಿಲ್ಡೇ ಮಾಯವಾಗುತ್ತದೆ. ಪಾಲಿಸಿ ಅಳಿಸಿದ ಕೂಡಲೇ ಡಿಸ್ಕ್ ಖಾಲಿ ಆಗಲ್ಲ, ಬ್ಲಾಬ್ ಸ್ಟೋರ್ (ನೆಕ್ಸಸ್ ಫೈಲ್ ಇಡುವ ಜಾಗ) ಕಾಂಪ್ಯಾಕ್ಟ್ ಮಾಡುವ ಟಾಸ್ಕ್ ಕೂಡ ಓಡಬೇಕು. ಅದನ್ನು ಭಾನುವಾರ ರಾತ್ರಿಗೆ ಇಡಿ. ಅಳಿಸಿದ ನಂಬರುಗಳ ಪಟ್ಟಿ ಆ ಪುಲ್ ರಿಕ್ವೆಸ್ಟ್ ರೆಪೊದಲ್ಲೇ ಇರಲಿ. ಫೈಲ್ ಅಳಿಸಿದ ಮೇಲೆ ಅದೇ ನಂಬರನ್ನು ಮತ್ತೆ ಹಾಕಿದರೆ ನೆಕ್ಸಸ್ ತಡೆಯಲ್ಲ. ಆ ಪಟ್ಟಿ ನೋಡಿ ತಡೆಯುವ ಎರಡು ಸಾಲನ್ನು ಬಿಲ್ಡ್ ಜಾಬ್‌ನಲ್ಲೇ ಬರೆಯಿರಿ.